ಅತ್ತೆಯ ಕಣ್ಣು, ಅಂಚೆಯವಳ ಕಾಲು

ದರ್ಜಿ ಕೆಲಸದ ಸೊಸೆಗೆ ಕಥೆ ಬರೆಯುವ ಹುಚ್ಚು. ಹೊಲಿಗೆ ಯಂತ್ರದ ಹಲಗೆಯ ಮೇಲೇ ನೋಟ್‌ಬುಕ್ಕು. ಒಂದು ತೋಳು ಜೋಡಿಸಿದರೆ ಎರಡು ಸಾಲು, ಕಾಜಾ ಹಾಕಿದರೆ ಇನ್ನೆರಡು. ವಾರಪತ್ರಿಕೆಯಲ್ಲಿ ಅವಳ ಧಾರಾವಾಹಿ ಶುರುವಾಗಿ ಎರಡು ವರ್ಷವಾಗಿತ್ತು. ನಾಯಕಿ ಸೈಕಲ್ಲಿನಲ್ಲಿ ಕಾಗದ ಹಂಚುವ ಅಂಚೆಯವಳು. ಸೊಸೆಯ ವರಸೆ ಒಂದೇ: ಈ ವಾರ ಒಳ್ಳೆಯದಾದರೆ ಮುಂದಿನ ವಾರ ಏಟು. ಹೊಸ ಸೈಕಲ್ ಬಂತು, ತಮ್ಮನಿಗೆ ಕಾಮಾಲೆ. ಮದುವೆ ಗೊತ್ತಾಯಿತು, ಗಂಡು ಹಡಗು ಹತ್ತಿ ಹೋದ. ಬರೀ ಸುಖವಾದರೆ ಓದುಗರು ಆಕಳಿಸುತ್ತಾರೆ, ಬರೀ ದುಃಖವಾದರೆ ಪುಟ ತಿರುವುತ್ತಾರೆ. ಓದುಗರೂ ಅಳತೆ ಕೊಟ್ಟು ಹೋದ ಗಿರಾಕಿಗಳೇ ಅನ್ನುವುದು ಅವಳ ವಾದ.

ಬರೆದದ್ದನ್ನು ಮೊದಲು ಕೇಳುವವರು ಅತ್ತೆ. ಮೂರು ವರ್ಷದಿಂದ ಎರಡೂ ಕಣ್ಣಿಗೆ ಪೊರೆ, ಓದಲಾಗದು. ಕಿವಿ ಮಾತ್ರ ಬಲು ಚುರುಕು, ನೆನಪು ಅದಕ್ಕಿಂತ ಚುರುಕು. ಇನ್ನು ತಡ ಮಾಡಿದರೆ ಪೊರೆ ಗಟ್ಟಿಯಾಗಿ ತೆಗೆಯುವುದೇ ಕಷ್ಟ ಎಂದು ಕಣ್ಣಿನ ಡಾಕ್ಟರು ಗುರುವಾರಕ್ಕೆ ದಿನ ಕೊಟ್ಟರು. ಅತ್ತೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಹೆದರಿಕೇನಾ ಅತ್ತೆ?"

"ನನ್ನ ಬಗ್ಗೆ ಹೆದರಿಕೆ ಇಲ್ಲ ಕಣೇ. ಈ ವರ್ಷ ಮಗನ ಕೆಲಸ ಖಾಯಂ ಆಯ್ತು. ಮಗಳಿಗೆ ಸುಸೂತ್ರವಾಗಿ ಹೆರಿಗೆ ಆಯ್ತು. ಇನ್ನು ನನಗೆ ಕಣ್ಣೂ ಬಂದ್ರೆ, ಅದಕ್ಕೆ ಸಮ ಮಾಡೋಕೆ ಏನಾಗುತ್ತೋ, ಯಾರಿಗಾಗುತ್ತೋ! ಈ ಪೊರೆ ಇರೋವರೆಗೆ ಮನೆಯ ಕೆಟ್ಟದ್ದೆಲ್ಲ ಇಲ್ಲೇ ಕೂತಿರುತ್ತೆ. ಇರಲಿ ಬಿಡು, ನನಗೆ ಅಭ್ಯಾಸ ಆಗಿದೆ."

"ಯಾರು ಹೇಳಿದ್ರು ಇದೆಲ್ಲ?"

"ನೀನೇ. ವಾರ ವಾರ ಓದಿ ಹೇಳಿದ್ದೀಯಲ್ಲ."

ಓದುಗರನ್ನು ಹಿಡಿದಿಡಲು ಹೂಡಿದ ಉಪಾಯ ಹೋಗಿ ಹೋಗಿ ಅತ್ತೆಯ ಕಣ್ಣಿಗೇ ಅಡ್ಡ ನಿಂತಿತ್ತು. ಅವತ್ತು ಸೊಸೆ ಒಂದು ಗುಂಡಿಯನ್ನೂ ಹೊಲಿಯದೆ ಕೂತು ಬರೆದಳು. ಸಂಜೆ ಓದಿದಳು. ಗಂಡು ಹಡಗಿನಿಂದ ವಾಪಸ್ ಬಂದ. ತಮ್ಮ ಪರೀಕ್ಷೆ ಪಾಸಾದ. ಅಂಚೆಯವಳಿಗೆ ಗಾಳಿ ಬೆಳಕಿನ ಬಾಡಿಗೆ ಮನೆ ಸಿಕ್ಕಿತು.

"ಆಮೇಲೆ?" ಅಂದರು ಅತ್ತೆ.

"ಊಟ ಮಾಡಿ ಮಲಗಿದ್ಲು."

"ಮನೆಗೆ ಬೆಂಕಿ ಗಿಂಕಿ?"

"ಇಲ್ಲ."

"ಆ ಗಂಡಿಗೆ ಅಲ್ಲೊಬ್ಬಳು ಹೆಂಡತಿ?"

"ಇಲ್ಲ ಅತ್ತೆ. ಅವನು ಚಿನ್ನದಂಥೋನು."

"ಸೈಕಲ್ಲಾದ್ರೂ ಪಂಕ್ಚರ್?"

"ಗಾಳಿ ಸಹ ಕಮ್ಮಿ ಆಗಿಲ್ಲ."

ಅತ್ತೆ ಸೊಸೆಯ ದನಿ ಬಂದ ಕಡೆಗೆ ಮುಖ ತಿರುಗಿಸಿದರು. "ಹಾಗೂ ಆಗುತ್ತೆ ಅಂತೀಯಾ?"

"ಆಗುತ್ತೆ." ಅಷ್ಟು ಗಟ್ಟಿಯಾಗಿ ಅವಳು ಯಾವ ಮಾತನ್ನೂ ಹೇಳಿದವಳಲ್ಲ.

ಬೆಳಿಗ್ಗೆ ಅತ್ತೆಯೇ ಕೇಳಿದರು, "ಗುರುವಾರ ಎಷ್ಟು ಗಂಟೆಗೆ ಹೊರಡ್ಬೇಕು?"

ಇತ್ತ ಸಂಪಾದಕರು ಫೋನಿನಲ್ಲಿ ಹಾರಾಡಿದರು. "ಏನಮ್ಮಾ ಇದು, ಬರೀ ಸಕ್ಕರೆ! ಓದುಗರ ಹಲ್ಲು ಹುಳುಕಾಗುತ್ತೆ. ಏನಾದ್ರೂ ಒಂದು ಕೆಡಿಸಿ ಕೊಡಿ." ಸೊಸೆ ಬೈದುಕೊಳ್ಳುತ್ತಲೇ ಕೊನೆಗೊಂದು ಪುಟ ಸೇರಿಸಿದಳು. ಅಂಚೆಯವಳು ಇಳಿಜಾರಿನಲ್ಲಿ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡಳು. ಈ ಪುಟವನ್ನು ಅತ್ತೆಗೆ ಓದಿ ಹೇಳುವವರು ಯಾರು? ಎಲ್ಲವನ್ನೂ ಯೋಚಿಸಿದ ಜಾಣೆ ಒಂದನ್ನು ಮರೆತಳು: ಆಪರೇಷನ್ ಆದ ಮೇಲೆ ಅತ್ತೆಗೆ ಕಣ್ಣು ಕಾಣುತ್ತದೆ.

ಬಲಗಣ್ಣಿನದು ಹೂವೆತ್ತಿದ ಹಾಗೆ ಮುಗಿಯಿತು. ಎಡಗಣ್ಣಿಗೆ ಮುಂದಿನ ತಿಂಗಳು. ಓದಬಹುದು ಎಂದು ಡಾಕ್ಟರು ಹೇಳಿದ ದಿನವೇ ಅತ್ತೆ ವಾರಪತ್ರಿಕೆ ಹಿಡಿದು ಕಿಟಕಿ ಪಕ್ಕ ಕೂತರು. ಸೊಸೆ ಗಿರಾಕಿಯ ಬಟ್ಟೆ ಕೊಟ್ಟು ಒಳಗೆ ಬರುವಷ್ಟರಲ್ಲಿ ಅವರು ಇಳಿಜಾರಿನವರೆಗೂ ಓದಿಯಾಗಿತ್ತು.

"ಏನೇ ಇದು? ಕಾಲು ಮುರಿದಿದ್ದೀಯಲ್ಲೇ!"

ಇನ್ನು ಎಡಗಣ್ಣಿನ ಆಸೆ ಬಿಡಬೇಕು ಅಂದುಕೊಂಡಳು ಸೊಸೆ. "ತಪ್ಪಾಯ್ತು ಅತ್ತೆ. ನಿಮಗೆ ಓದಿದ್ದೇ ಬೇರೆ. ಸಂಪಾದಕರು ಬಿಡಲಿಲ್ಲ."

ಅತ್ತೆ ಪತ್ರಿಕೆಯ ತಾರೀಖಿನ ಮೇಲೆ ಬೆರಳಿಟ್ಟರು. "ನನ್ನ ಕಣ್ಣಿನ ಕಟ್ಟು ಬಿಚ್ಚಿದ ವಾರವೇ ಇವಳು ಬಿದ್ದಿದ್ದಾಳೆ. ಮೂರು ವರ್ಷ ನಾನು ಹೊತ್ತಿದ್ದನ್ನ ಪಾಪ ಈ ಹುಡುಗಿ ತಗೊಂಡ್ಲು. ಬೇಡ ಅನ್ನೋಕೂ ಬಾರದ ಜೀವ." ಕಣ್ಣೊರೆಸಿಕೊಳ್ಳಲು ಹೋದ ಕೈಯನ್ನು ಸೊಸೆ ತಟ್ಟನೆ ಹಿಡಿದಳು, ಕಣ್ಣು ಮುಟ್ಟಕೂಡದೆಂದು ಡಾಕ್ಟರು ಹೇಳಿದ್ದರು. ಅವಳ ಕಣ್ಣೂ ತುಂಬಿತ್ತು.

"ಹಾಗಾದ್ರೆ ಎಡಗಣ್ಣು ಬೇಡ್ವಾ ಅತ್ತೆ?"

"ಬೇಡ ಅಂತ ಯಾರಂದ್ರು? ಅಷ್ಟರೊಳಗೆ ಈ ಹುಡುಗಿ ಎದ್ದು ಓಡಾಡ್ಬೇಕು ಅಷ್ಟೆ. ಇನ್ಮೇಲೆ ಇವಳ ತಲೆಗೆ ಏನೂ ಕಟ್ಟಕೂಡದು, ಹೇಳಿದ್ದೀನಿ."

"ಸಂಪಾದಕರು ಮತ್ತೆ ಏನಾದ್ರೂ ಕೆಡಿಸಿ ಅಂದ್ರೆ?"

ಅತ್ತೆ ಮೂರು ವರ್ಷದ ಮೇಲೆ ಸೊಸೆಯ ಮುಖವನ್ನು ನೆಟ್ಟಗೆ ನೋಡಿದರು. "ನಿನ್ನ ಕಥೆಯಲ್ಲಿ ಸಂಪಾದಕರು ಅಂತ ಯಾರೂ ಇಲ್ವಾ? ಈ ವಾರ ಒಬ್ಬನನ್ನ ಕರೆಸಿ ಅದೇ ಇಳಿಜಾರಿನಲ್ಲಿ ಸೈಕಲ್ ಹತ್ತಿಸು."