ಚುಕ್ಕಿಗಳ ಗುಡ್ಡ

ಅಕ್ಕನಿಗೆ ಎರಡನೇ ಸಲವೂ ಗರ್ಭ ನಿಲ್ಲಲಿಲ್ಲ. ಆಸ್ಪತ್ರೆಯಿಂದ ನೇರವಾಗಿ ತವರಿಗೆ ಬಂದವಳು ಯಾವುದನ್ನೂ ಮುಟ್ಟುವುದನ್ನೇ ಬಿಟ್ಟಳು. ಕುಂಡದ ಗಿಡಕ್ಕೆ ಒಂದಿಷ್ಟು ನೀರು ಹಾಕೇ ಎಂದರೆ, "ನನ್ನ ಕೈಗುಣ ಸರಿಯಿಲ್ಲ, ಬಾಡಿಹೋಗತ್ತೆ" ಅನ್ನುತ್ತಿದ್ದಳು. ಎದುರುಮನೆಯಾಕೆ ಮಗುವನ್ನು ಎತ್ತಿಕೊಂಡು ಬಂದರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಡಾಕ್ಟರು, "ಇದಕ್ಕೆ ಕಾರಣ ಅಂತ ಏನೂ ಇಲ್ಲಮ್ಮ, ಕೆಲವರಿಗೆ ಹೀಗಾಗತ್ತೆ" ಎಂದು ಹೇಳಿ ಕಳಿಸಿದ್ದರು. ಆ ಮಾತನ್ನು ಅವಳು ನಂಬಲೇ ಇಲ್ಲ.

"ಕಾರಣ ಇಲ್ದೆ ಏನಾಗತ್ತೆ? ಬಕೆಟ್ ಎತ್ತಿದೆ, ಬಸ್ಸಲ್ಲಿ ಹೋದೆ. ನಾನೇ ಏನೋ ಮಾಡಿದೀನಿ," ಎಂದು ದಿನವಿಡೀ ತನ್ನ ತಪ್ಪನ್ನು ತಾನೇ ಹುಡುಕುತ್ತಿದ್ದಳು. ಹೀಗೇ ಬಿಟ್ಟರೆ ಅಕ್ಕ ನಮ್ಮ ಕೈಗೆ ಸಿಗುವುದಿಲ್ಲ ಎಂದು ನನಗೂ ಅಮ್ಮನಿಗೂ ದಿಗಿಲು.

ಅವಳಿಗೆ ಬುದ್ಧಿ ಹೇಳುವಷ್ಟು ದೊಡ್ಡವಳು ನಾನಲ್ಲ. ನಾನು ಸಮಾಜಶಾಸ್ತ್ರ ತೆಗೆದುಕೊಂಡದ್ದೇ ಲೆಕ್ಕದ ಕಾಟ ತಪ್ಪಲಿ ಎಂದು. ಎರಡನೇ ವರ್ಷಕ್ಕೆ ಕಾಲಿಟ್ಟು ನೋಡಿದರೆ ಸಂಖ್ಯಾಶಾಸ್ತ್ರ ಕಡ್ಡಾಯ! ಬೇತಾಳ ಬೆನ್ನು ಬಿಟ್ಟಿರಲಿಲ್ಲ. ಪಾಠ ಮಾಡುವವರಿಗೆ ನಾವಿಟ್ಟ ಹೆಸರು ಸರಾಸರಿ ಮೇಷ್ಟ್ರು. ಮನುಷ್ಯ ಉದ್ದವೂ ಅಲ್ಲ, ಗಿಡ್ಡವೂ ಅಲ್ಲ. ನಕ್ಕರೂ ಅರ್ಧ, ಬೈದರೂ ಅರ್ಧ.

ಒಂದು ದಿನ ಮೇಷ್ಟ್ರು ಮುಚ್ಚಳದ ಪ್ಲಾಸ್ಟಿಕ್ ಡಬ್ಬವೊಂದನ್ನು ಹೊತ್ತು ತಂದರು. ಒಳಗೆ ಸಾವಿರಾರು ಮಣಿ. ನೂರಕ್ಕೆ ಮೂವತ್ತು ಕೆಂಪು, ಉಳಿದವು ಬಿಳಿ. ಜೊತೆಗೆ ಹಿಡಿಯಿದ್ದ ಒಂದು ಮರದ ಹಲಗೆ, ಅದರ ತುಂಬ ಐವತ್ತು ಪುಟ್ಟ ಕುಳಿಗಳು. ಮಣಿಗಳನ್ನು ಕಲಸಿ, ಹಲಗೆ ಅದ್ದಿ ಎತ್ತಿದರೆ ಕುಳಿಗೊಂದು ಮಣಿ ಕೂರುತ್ತದೆ. ಎಷ್ಟು ಕೆಂಪು ಬಂದವೋ ಎಣಿಸಿ, ಬೋರ್ಡಿನಲ್ಲಿ ಆ ಸಂಖ್ಯೆಯ ಮೇಲೆ ಚುಕ್ಕಿ ಇಡಬೇಕು. ಇಷ್ಟೇ ಆಟ.

"ನೀವು ಅರವತ್ತು ಜನ," ಎಂದರು ಮೇಷ್ಟ್ರು. "ಹೆಚ್ಚಿನವರಿಗೆ ಹದಿನೈದರ ಆಸುಪಾಸು ಬರತ್ತೆ. ಇಬ್ಬರೋ ಮೂವರೋ ತೀರಾ ದೂರ ಹೋಗ್ತೀರಿ. ಯಾರು ಅಂತ ನನ್ನ ಕೇಳಬೇಡಿ, ನನಗೂ ಗೊತ್ತಿಲ್ಲ."

ಜ್ಯೋತಿಷ್ಯ ಶುರುವಾಯಿತು ಎಂದು ನಾವು ನಕ್ಕೆವು. ಒಬ್ಬೊಬ್ಬರೇ ಹೋಗಿ ಅದ್ದಿದರು. ಹದಿನಾಲ್ಕು, ಹದಿನಾರು, ಹನ್ನೆರಡು. ನನ್ನ ಸರದಿ ಬಂದಾಗ ಹಲಗೆಯ ಮೇಲೆ ಕೆಂಪು ಬರೀ ಎಂಟು. ಹಿಂದಿನ ಬೆಂಚಿನ ಉದ್ದನೆಯ ಹುಡುಗ, ನಾವೆಲ್ಲ ಏಣಿ ಎಂದು ಕರೆಯುತ್ತಿದ್ದವನು, "ಏನೇ ನಿನ್ನ ಕೈಗುಣ!" ಎಂದು ಕೂಗಿದ. ಬೇರೆ ದಿನವಾಗಿದ್ದರೆ ನಾನೂ ತಿರುಗಿ ಒಂದು ಮಾತು ಕೊಡುತ್ತಿದ್ದೆ. ಅಂದು ಆ ಮಾತು ಕೇಳಿ ಅಕ್ಕ ನೆನಪಾದಳು, ಮೇಷ್ಟ್ರ ಕಡೆ ತಿರುಗಿದೆ.

"ಸರ್, ನಾನು ಸರಿಯಾಗಿ ಅದ್ದಲಿಲ್ಲ. ಇನ್ನೊಂದ್ಸಲ ತೆಗೀತೀನಿ."

"ಯಾಕೆ? ಏನು ತಪ್ಪು ಮಾಡಿದೆ ಹೇಳು."

ಯೋಚಿಸಿದೆ. ಡಬ್ಬ ಅದೇ, ಹಲಗೆ ಅದೇ. ಎಲ್ಲರ ಹಾಗೆಯೇ ಕಲಸಿದ್ದೆ, ಎಲ್ಲರ ಹಾಗೆಯೇ ಅದ್ದಿದ್ದೆ. "ಏನೂ ಇಲ್ಲ ಸರ್."

"ಹಾಗಾದ್ರೆ ಚುಕ್ಕಿ ಇಡು."

ಎಲ್ಲರೂ ಮುಗಿಸಿದ ಮೇಲೆ ಬೋರ್ಡು ನೋಡಿದೆವು. ನಡುವೆ ಎತ್ತರ, ಅತ್ತಿತ್ತ ಇಳಿಜಾರು. ಯಾರೋ ಕೂತು ಬಿಡಿಸಿದಂಥ ಗುಡ್ಡ. ದೂರದ ಬುಡದಲ್ಲಿ ಒಂಟಿ ಚುಕ್ಕಿ ನನ್ನದು. ಮೇಷ್ಟ್ರು ಗುಡ್ಡದ ಪಕ್ಕದಲ್ಲಿ ಹೊಸದಾಗಿ ಸಂಖ್ಯೆಗಳನ್ನು ಬರೆದು, "ಇನ್ನೊಂದು ಸುತ್ತು" ಎಂದರು. ಮತ್ತೆ ಅರವತ್ತು ಜನ ಅದ್ದಿದೆವು. ಮತ್ತೆ ಅದೇ ಗುಡ್ಡ! ಆದರೆ ನನಗೆ ಈ ಸಲ ಹದಿನಾರು, ನಾನು ನಡುಗುಂಪಿನಲ್ಲಿ. ಇಪ್ಪತ್ತೆರಡು ಬಂದು ಆಚೆ ಬುಡಕ್ಕೆ ಹೋಗಿ ನಿಂತವನು ಏಣಿ.

ನನ್ನ ಮೈ ಜುಮ್ಮೆಂದಿತು. ಮಣಿಗಳಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ನಾವು ಅರವತ್ತು ಜನ ಅರವತ್ತು ಥರ, ಒಬ್ಬರ ಮಾತು ಒಬ್ಬರು ಕೇಳದವರು. ಆದರೂ ಗುಡ್ಡ ತನ್ನ ಪಾಡಿಗೆ ತಾನು ಎದ್ದು ನಿಂತಿತ್ತು. ಅದರ ಯಾವ ಜಾಗಕ್ಕೆ ಯಾರು ಎನ್ನುವುದು ಮಾತ್ರ ಬದಲಾಗಿತ್ತು. ಇಂಥದ್ದೊಂದು ಜಗತ್ತಿನಲ್ಲಿದೆ, ಇಷ್ಟು ವರ್ಷ ಅದರಿಂದ ತಪ್ಪಿಸಿಕೊಂಡು ಓಡಾಡಿದೆನಲ್ಲ ಎಂದು ನನಗೆ ಅಳುವೇ ಬಂತು. ಕ್ಲಾಸು ಮುಗಿದದ್ದೇ ಮೇಷ್ಟ್ರ ಬೆನ್ನು ಹತ್ತಿ ಡಬ್ಬ, ಹಲಗೆ ಎರಡನ್ನೂ ಕೇಳಿದೆ. ಏಕೆಂದು ಅವರು ಕೇಳಲಿಲ್ಲ. ಮುಚ್ಚಳ ಭದ್ರ ಹಾಕು ಎಂದಷ್ಟೇ ಹೇಳಿದರು.

ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದೆ. ಅಕ್ಕ ಕಿಟಕಿಯ ಪಕ್ಕ ಕೂತಿದ್ದಳು. ನಡೆದದ್ದನ್ನೆಲ್ಲ ಹೇಳಿ ಹಲಗೆ ಚಾಚಿದರೆ ಕೈ ಹಿಂದಕ್ಕೆಳೆದುಕೊಂಡಳು.

"ನನ್ನ ಕೈಯಲ್ಲಿ ಬೇಡ ಕಣೇ."

"ನಿನ್ನ ಕೈಯೇ ಬೇಕು. ಇದು ಪ್ಲಾಸ್ಟಿಕ್ಕು, ಬಾಡಲ್ಲ!" ಎಂದು ರೇಗಿದೆ.

ಅಕ್ಕ ನನ್ನ ಕಾಟ ತಾಳಲಾರದೆ ಅದ್ದಿದಳು. ಹದಿಮೂರು. ಹಳೇ ಕ್ಯಾಲೆಂಡರಿನ ಬೆನ್ನಿಗೆ ನಾನು ಚುಕ್ಕಿ ಇಟ್ಟೆ. ಹತ್ತು ಸಲ ಆಗುವ ಹೊತ್ತಿಗೆ ಹಲಗೆಯನ್ನು ನನ್ನಿಂದ ಕಿತ್ತುಕೊಂಡು ತಾನೇ ಕಲಸತೊಡಗಿದಳು. ಮಧ್ಯಾಹ್ನವೆಲ್ಲ ಅದ್ದಿದಳು. ಅಮ್ಮ ತರಕಾರಿ ಚೀಲ ಹಿಡಿದು ಬಂದವರು ಚೀಲ ಇಳಿಸುವುದನ್ನೂ ಮರೆತು ನಿಂತರು. ಕಾಗದದ ಮೇಲೆ ಗುಡ್ಡ ಏಳುತ್ತಿತ್ತು. ಇಡೀ ಕ್ಲಾಸು ಸೇರಿ ಎಬ್ಬಿಸಿದ್ದ ಅದೇ ಗುಡ್ಡ, ಅಕ್ಕನ ಒಂದೇ ಕೈಯಿಂದ. ಅವಳ ಕಣ್ಣುಗಳು ಅಗಲವಾಗಿದ್ದವು.

ಆಮೇಲೆ ಒಂದು ಸಲ ಏಳು ಬಂತು. ಅಕ್ಕ ಅದ್ದುವುದನ್ನು ಅಲ್ಲಿಗೇ ನಿಲ್ಲಿಸಿದಳು.

"ಈಗೇನು ಮಾಡಿದೆ ನಾನು?"

"ನೀನೇ ಹೇಳು."

ಅವಳು ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. "ಏನೂ ಮಾಡ್ಲಿಲ್ಲ. ಯಾವಾಗ್ಲೂ ಮಾಡಿದ ಹಾಗೇ ಮಾಡಿದೆ." ನಾನು ಏಳರ ಮೇಲೆ ಇಟ್ಟ ಒಂಟಿ ಚುಕ್ಕಿಯ ಮೇಲೆ ಬೆರಳಿಟ್ಟಳು. "ಇಲ್ಲಿ ಯಾರಾದ್ರೂ ನಿಲ್ಲಲೇಬೇಕು, ಅಲ್ವಾ?"

ಹೌದು ಎಂದು ತಲೆಯಾಡಿಸಿದೆ. ಬೆಳಗ್ಗೆ ಅಷ್ಟು ಚೆಂದ ಕಂಡಿದ್ದ ಗುಡ್ಡವನ್ನು ನೋಡಿ ಈಗ ನನಗೆ ಭಯವೂ ಆಯಿತು.

"ಈವತ್ತೂ ಯಾವಳೋ ಒಬ್ಬಳು ಆಸ್ಪತ್ರೆಯಿಂದ ಮನೆಗೆ ಹೋಗ್ತಿರ್ತಾಳೆ," ಎಂದಳು ಅಕ್ಕ, ಬೆರಳು ತೆಗೆಯದೆ. "ದಾರಿಯುದ್ದಕ್ಕೂ ಯೋಚನೆ ಮಾಡ್ತಿರ್ತಾಳೆ. ಅವಳದೇನೂ ತಪ್ಪಿಲ್ಲ ಅಂತ ಅವಳಿಗೆ ಯಾರು ಹೇಳ್ತಾರೆ?"

ಹೇಳಿದ ಮೇಲೆ ಆ ಮಾತು ಅವಳಿಗೇ ಕೇಳಿಸಿರಬೇಕು. ಅಮ್ಮ ಚೀಲ ಕೆಳಗಿಟ್ಟು ಹತ್ತಿರ ಬಂದು ಕೂತರು, ಮತ್ತು ಅಕ್ಕ ಅಷ್ಟು ದಿನ ಅಳದೇ ಇದ್ದದ್ದನ್ನೆಲ್ಲ ಅಮ್ಮನ ಮಡಿಲಲ್ಲಿ ಮುಖವಿಟ್ಟು ಅತ್ತಳು.