ಮಾರಮ್ಮ ಕೊಟ್ಟ ಬಲ್ಬು

ಬೆಸಗರಹಳ್ಳಿಯ ಜಯಪ್ರಕಾಶನಿಗೆ ಗಿಟಾರ್ ನುಡಿಸಲು ಬೇಕಾದದ್ದೆಲ್ಲ ಇತ್ತು. ಗಿಟಾರ್ ಇತ್ತು, ಭುಜ ಮುಟ್ಟುವ ಕೂದಲಿತ್ತು, ತಲೆಬುರುಡೆ ಚಿತ್ರದ ಕರಿ ಟೀಶರ್ಟುಗಳು ಒಂದು ಬೀರು ತುಂಬ ಇದ್ದವು. ರೇಷ್ಮೆ ಸಾಕುವುದನ್ನು ಬಿಟ್ಟ ಮೇಲೆ ಖಾಲಿ ಬಿದ್ದಿದ್ದ ಹುಳದ ಮನೆಯಲ್ಲಿ, ಗಿಟಾರಿನ ಸದ್ದು ಹಿಗ್ಗಿಸುವ, ಇಬ್ಬರು ಹೊರಬೇಕಾದಷ್ಟು ಭಾರದ ಟ್ಯೂಬ್ ಆಂಪ್ ಕೂಡ ಕೂತಿತ್ತು. ಇಲ್ಲದ್ದೆಂದರೆ ಸದ್ದಿನ ಹದ, ಆ ಟೋನು ಒಂದೇ ಎಂದು ಅವನು ಹೇಳುತ್ತಿದ್ದ.

ಆಂಪಿನ ಹಿಂಬದಿಯಲ್ಲಿ ನಾಲ್ಕು ಗಾಜಿನ ಪವರ್ ಟ್ಯೂಬುಗಳು. ಕೆಂಪಗೆ ಕಾದು, ಗಿಟಾರಿನ ಸದ್ದಿಗೆ ಕೊನೆಯ ಕಸುವು ತುಂಬುವುದು ಅವೇ. ಈ ಆಂಪಿಗೆ ಎರಡು ಜಾತಿಯವು ಹಿಡಿಸುತ್ತವೆ, ಒಂದನ್ನು ಕಿತ್ತು ಇನ್ನೊಂದನ್ನು ಕೂರಿಸಿ ಹಿಂದಿನ ಸ್ವಿಚ್ಚು ತಿರುಗಿಸಿದರೆ ಸಾಕು. ಇಎಲ್ ಥರ್ಟಿಫೋರ್ ಗುರ್ರೆಂದು ಗದರುತ್ತದೆ. ಸಿಕ್ಸ್ ಎಲ್ ಸಿಕ್ಸ್ ಬಿಗಿಯಾಗಿ ಗುದ್ದುತ್ತದೆ. ಹೆವಿ ಮೆಟಲ್ ಸಂಗೀತಕ್ಕೆ ಯಾವುದು ಸರಿ? ಎರಡು ವರ್ಷದಿಂದ ಜಯಪ್ರಕಾಶ ಇದೇ ಚಿಂತೆಯಲ್ಲಿ ಬೆಂದುಹೋಗಿದ್ದ. ಮಂಡ್ಯದ ಕಚೇರಿಗೆ ಹೋಗುವ ಬಸ್ಸಿನಲ್ಲಿ, ಒಂದೇ ಕಿವಿಗೆ ಕೇಳಿಸುವ ಇಯರ್‌ಫೋನಿನಲ್ಲಿ, ಯಾವನೋ ಪರದೇಶಿ ಎರಡನ್ನೂ ಹೋಲಿಸಿ ನುಡಿಸುವ ವೀಡಿಯೊ ಕೇಳಿ ಸೂಕ್ಷ್ಮ ವ್ಯತ್ಯಾಸಗಳನ್ನು ಗುರುತಿಸುತ್ತಿದ್ದ. ಕಂಡಕ್ಟರ್ ಟಿಕೆಟ್ ಕೇಳಿದ್ದು ಮಾತ್ರ ಅವನಿಗೆ ಕೇಳಿಸುತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಇದೆಯಲ್ಲ, ನಮ್ಮ ಹುಡುಗ ಅದನ್ನೂ ಮೀರಿಸಿದವನು. ಅವನಿಗೆ ನೆಲವೂ ಎರಡು ಬ್ರಾಂಡಿನಲ್ಲಿ ಬೇಕಿತ್ತು.

ಬ್ಯಾಂಡಿನ ಹೆಸರು 'ರಕ್ತಶಿಂಷಾ'. ಊರ ಕಡೆಯ ಶಿಂಷಾ ಹೊಳೆಗೆ ರಕ್ತ ಬೆರೆಸಿ ಹೆಸರಿಟ್ಟವನು ಇವನೇ. ಡ್ರಮ್ಮೂ ಕಿರುಚಾಟವೂ ಮದ್ದೂರಿನ ಪುಟ್ಟರಾಜುವಿನದು. ಎರಡನೇ ಗಿಟಾರು ಮಳವಳ್ಳಿಯ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ಕವಿತಳದು. ಸಂಕ್ರಾಂತಿ ಕಳೆದ ಮೇಲೆ ಮಂಡ್ಯದಲ್ಲಿ ಇವರ ಮೊದಲ ಸ್ಟೇಜು. ನಡುವೆ ಒಬ್ಬರೇ ನುಡಿಸುವ ದೊಡ್ಡ ಸೋಲೋ ಜಯಪ್ರಕಾಶನದು ಎಂದು ಅವನೇ ಊರೆಲ್ಲ ಸಾರಿದ್ದ. ಆದರೆ ಒಮ್ಮೆಯೂ ಅದನ್ನು ಪೂರ್ತಿ ನುಡಿಸಿ ತೋರಿಸಿರಲಿಲ್ಲ.

ಕವಿತ ಒಂದು ದಿನ ಕಡ್ಡಿ ಮುರಿದಂತೆ ಹೇಳಿಬಿಟ್ಟಳು: "ಭಾನ್ವಾರ ಪ್ರಾಕ್ಟೀಸಲ್ಲಿ ಸೋಲೋ ಮೊದ್ಲಿಂದ ಕೊನೇಗಂಟ ನುಡ್ಸು. ಇಲ್ದಿದ್ರೆ ಸೋಲೋ ನಂದು. ನೀನು ಸ್ಟೇಜಲ್ಲಿ ಹಿಂದೆ ನಿಂತ್ಕೊ."

"ಟ್ಯೂಬು ಯಾವ್ದು ಅಂತ ತೀರ್ಮಾನ ಆಗ್ದೆ ಎಂಗ್ ನುಡುಸ್ಲಿ?" ಎಂದ ಜಯಪ್ರಕಾಶ. ನಿಜವಾಗಿಯೂ ಹಾಗೆಯೇ ನಂಬಿದ್ದ. ಹಿಂದೆ ನಿಲ್ಲುವ ಮಾತು ಕೇಳಿ ಅವನಿಗೆ ಊಟ ಸೇರಲಿಲ್ಲ.

ಮೊಮ್ಮಗ ಮುದ್ದೆ ಬಿಟ್ಟದ್ದನ್ನು ಕಂಡ ಅಜ್ಜಿ ಅಂಕಮ್ಮ ಗದರಿಕೊಂಡಳು. "ಅದೆಷ್ಟ್ ದಿನ ಅಂತ ಆ ಬಲ್ಬುಗಳ ಮಕ ನೋಡ್ಕಂಡ್ ಕೂತಿರ್ತೀಯಲಾ? ನಿನ್ ಕೈಲಿ ಆಗ್ನಿಲ್ವಾ, ಮಾರಮ್ಮನ ತಾವ ಓಗಿ ಊವ ಕೇಳು."

ಜಯಪ್ರಕಾಶ ದೇವರನ್ನು ನಂಬುವವನಲ್ಲ. ವೀಡಿಯೊದ ಪರದೇಶಿಯನ್ನು ನಂಬುವವನು. ಆದರೆ ಆ ಪರದೇಶಿ ಕೊನೆಗೆ 'ಎರಡೂ ಚೆನ್ನಾಗಿವೆ' ಎಂದು ಕೈ ತೊಳೆದುಕೊಂಡಿದ್ದ. ಮಾರಮ್ಮ ಹಾಗೆ ಜಾರಿಕೊಳ್ಳುವ ಪೈಕಿ ಅಲ್ಲ. ಅವಳ ಎಡಕ್ಕೂ ಬಲಕ್ಕೂ ಒದ್ದೆ ಹೂವಿನ ಎಸಳು ಅಂಟಿಸಿ ಪ್ರಶ್ನೆ ಕೇಳಬೇಕು. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಮಾತು ಮುಗಿಯಿತು.

ಶುಕ್ರವಾರ ಅಜ್ಜಿಯ ಹಿಂದೆ ಗುಡಿಗೆ ಹೋದ. ಅವನ ಮುಂದಿದ್ದವನು ಬೋರ್‌ವೆಲ್ಲನ್ನು ಬಡಗಲ ಮೂಲೆಯಲ್ಲಿ ಕೊರೆಸಲೇ ಎಂದು ಕೇಳಿ ಹೋದ. ಪೂಜಾರಿ ನಾಗಯ್ಯ ಇವನತ್ತ ತಿರುಗಿದ. ಅಂಕಮ್ಮ ಮೊಮ್ಮಗನ ಎದೆಯ ಬುರುಡೆಯನ್ನು ಸೆರಗಿನಿಂದ ಮುಚ್ಚಲು ಹೋದಳು.

"ಇರ್ಲಿ ಬುಡವ್ವ," ಎಂದ ನಾಗಯ್ಯ. "ಅಮ್ಮನ ಕೊಳ್ಳಾಗೂ ಬುರ್ಡೆ ಸರವೇ ಅಲ್ವಾ ಇರಾದು? ಏನ್ ಕೇಳ್ಬೇಕು, ಮದ್ವೆಗೆ ಎಣ್ಣಾ?"

"ಅಲ್ಲ... ಸಿಕ್ಸ್ ಎಲ್ ಸಿಕ್ಸ್ ಆಗ್ಬೋದಾ ಅಂತ."

ನಾಗಯ್ಯ ಮಾರಮ್ಮನ ಮುಖ ನೋಡಿದ. ಮಾರಮ್ಮ ಎಂತೆಂಥವರನ್ನೋ ಕಂಡವಳು. "ತಾಯಿ, ಈ ಹೈದ ಕೇಳ್ದ ಬಲ್ಬು ಆಯ್ತದೆ ಅನ್ನಂಗಿದ್ರೆ ಬಲಗಡೆ ಕೊಡವ್ವ," ಎಂದು ಗಂಟೆ ಬಾರಿಸಿದ. ಗಂಟೆಯ ಸದ್ದು ಅಡಗುವ ಮೊದಲೇ ಬಲಗಡೆಯ ಎಸಳು ಉದುರಿತು. ಹೆವಿ ಮೆಟಲ್ ಭಕ್ತ ಅಡ್ಡಬಿದ್ದು ನೆಲಕ್ಕೆ ಹಣೆ ಹಚ್ಚಿದ. ಎರಡು ವರ್ಷದ ಭಾರ ಇಳಿದು ಅವನ ಕಣ್ಣಲ್ಲಿ ನೀರೇ ಬಂತು.

ಭಾನುವಾರ ಹುಳದ ಮನೆಯಲ್ಲಿ ಹೊಸದಾಗಿ ಕೂರಿಸಿದ ಸಿಕ್ಸ್ ಎಲ್ ಸಿಕ್ಸ್‌ಗಳು ಕಾದವು. ಜಯಪ್ರಕಾಶ ತಂತಿಗಳ ಮೇಲೆ ಒಮ್ಮೆ ಕೈ ಎಳೆದ. ಅಬ್ಬಬ್ಬಾ! ಕಿಟಕಿ ನಡುಗಿತು, ಗೋಡೆಯ ಹಲ್ಲಿ ಎದ್ದುಬಿದ್ದು ಸೂರು ಸೇರಿತು.

"ಬಂತು ಕಣ್ಲಾ ಟೋನು!" ಎಂದು ಕುಣಿದ.

"ಸರಿ, ಸೋಲೋ ನುಡ್ಸು," ಎಂದಳು ಕವಿತ.

ನುಡಿಸಿದ. ಹಳೆಯ ಇಎಲ್ ಥರ್ಟಿಫೋರ್ ಟ್ಯೂಬುಗಳು ಎಲ್ಲವನ್ನೂ ಗುರ್ರೆಂದು ಕಲಸಿ ಒಂದು ಮಾಡುತ್ತಿದ್ದವು. ಅದರೊಳಗೆ ತಪ್ಪು ಯಾವುದು, ಒಪ್ಪು ಯಾವುದು ಎಂದು ದೇವರಿಗೂ ಗೊತ್ತಾಗುತ್ತಿರಲಿಲ್ಲ. ಇವು ಒಂದೊಂದು ಸ್ವರವನ್ನೂ ಜರಡಿ ಹಿಡಿದು ಎದುರಿಗಿಟ್ಟವು. ಜಾರಿದ ಬೆರಳು ಜಾರಿದಂತೆ ಕೇಳಿತು, ನುಂಗಿದ ಸ್ವರ ನುಂಗಿದಂತೆ ಕೇಳಿತು. ಅರ್ಧಕ್ಕೆ ಬರುವಷ್ಟರಲ್ಲಿ ಬೆರಳು ತೊಡರಿ ಸೋಲೋ ನಿಂತೇಹೋಯಿತು.

"ಮುಂದ್ಗಡೆ ಚಿಕ್ಕ ಟ್ಯೂಬುಗಳ್ನೂ ಬದ್ಲಾಯಿಸ್ಬೇಕು ಕಣ್ಲಾ," ಎಂದ ಬೆವರು ಒರೆಸಿಕೊಂಡು.

"ಆಮ್ಯಾಕೆ?" ಎಂದ ಪುಟ್ಟರಾಜು.

"ಸ್ಪೀಕರು."

"ಆಮ್ಯಾಕೆ?"

"ಕೇಬಲ್ಲು."

"ಆಮ್ಯಾಕೆ?"

ಜಯಪ್ರಕಾಶ ಆಂಪಿನ ಗುಂಡಿ ತಿರುಗಿಸತೊಡಗಿದ.

"ಆಮ್ಯಾಕೆ ಕೈ ಕಣ್ಲಾ. ಅದ್ನ ಯಾವ ಅಂಗ್ಡೀಲಿ ತತ್ತೀಯ?" ಎಂದ ಪುಟ್ಟರಾಜು.

ಕವಿತ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲ. ಅವನ ಗಿಟಾರಿನಿಂದ ಕೇಬಲ್ ಕಿತ್ತು ತನ್ನದಕ್ಕೆ ಸಿಕ್ಕಿಸಿಕೊಂಡಳು. ದಿನಾ ಶಾಲೆ ಮುಗಿಸಿ ಬಂದು, ಆಂಪೂ ಇಲ್ಲದೆ ಬರೀ ತಂತಿ ಮೀಟಿ ಮೀಟಿ ಕಲಿತ ಸೋಲೋವನ್ನು ಕಣ್ಣು ಮುಚ್ಚಿ ನುಡಿಸಿದಳು. ಅವನು ಎರಡು ವರ್ಷ ಹುಡುಕಿದ ಟೋನು ಅವನದೇ ಆಂಪಿನಿಂದ, ಅವನದೇ ಕಣ್ಣೆದುರು ಹೊರಟಿತು. ಹೊಟ್ಟೆ ಧಗಧಗ ಉರಿಯಿತು. ಹಾಳಾದ್ದು, ಮೈಯೆಲ್ಲ ಜುಮ್ಮೆಂದದ್ದೂ ಸುಳ್ಳಲ್ಲ.

ಹೊರಗೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಂಕಮ್ಮ ಕೂಗಿದಳು: "ಬೇಷ್ ಕಣ್ಲಾ ಮಗ! ಈಗ ನುಡುಸ್ದೆ ನೋಡು!"

ಒಳಗೆ ಇಬ್ಬರೂ ಜಯಪ್ರಕಾಶನ ಮುಖ ನೋಡಿದರು. ಹ್ಞೂಂ ಎಂದುಬಿಡುವ ಆಸೆ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ.

"ನಾನಲ್ಲ ಕಣಜ್ಜಿ. ಕವಿತ."

"ಅಂಗಾ? ಅಂಗಾರೆ ಆ ಮಗಳೇ ನುಡುಸ್ಲಿ ಬುಡು. ನೀನು ಅಲ್ಲೇನ್ ಮಾಡೀಯೆ, ಈಚ್ಗೆ ಬಂದು ಅವರೇಕಾಯಿ ಬುಡ್ಸು."

ಹೋಗಿ ಅಜ್ಜಿಯ ಪಕ್ಕ ಕೂತ. ಕವಿತ ಮತ್ತೆ ಮೊದಲಿನಿಂದ ಎತ್ತಿಕೊಂಡಳು. ಸಿಟ್ಟಿಗೋ ನಾಚಿಕೆಗೋ ಅವನು ತಲೆ ಎತ್ತದೆ ಬಿಡಿಸಿದ. ಕಾಯಿ ಬೆರಳಿನಿಂದ ಬೆರಳಿಗೆ ಸರಸರ ಹೋಗಿ, ಕಾಳು ಮೊರಕ್ಕೆ, ಸಿಪ್ಪೆ ಆಚೆಗೆ ಬೀಳುತ್ತಿದ್ದವು. ಅಂಕಮ್ಮ ತನ್ನ ಕೆಲಸ ಬಿಟ್ಟು ಅವನ ಬೆರಳುಗಳನ್ನೇ ನೋಡಿದಳು.

"ಕೈಯೇನೋ ಚೆಂದಾಗೇ ಅವೆ ಕಣ್ಲಾ," ಎಂದಳು. "ನೀನೇ ಅವಕ್ಕೆ ಕೆಲ್ಸ ಕೊಟ್ಟಿರ್ನಿಲ್ಲ."