ಹಗ್ಗ ಮುಟ್ಟಿದ ಕೈ

ಮೀನು ಒಣಗಿಸುವ ನಮ್ಮ ಅಂಗಳ ಹೋಗುತ್ತದೆ ಎಂದು ತೀರ್ಮಾನವಾದ ಭಾನುವಾರ, ಊರ ಸಮಿತಿಯ ಚಪ್ಪರದಡಿ ನಾನು ಕಂಬಕ್ಕೆ ಒರಗಿ ನಿಂತಿದ್ದೆ.

ಬೈಂದೂರಿನ ಕಡೆಯ ನಮ್ಮ ಊರಿನಲ್ಲಿ ಮೂರು ಕೇರಿ. ಮೇಲ್ಕೇರಿಯಲ್ಲಿ ಒಂಬತ್ತು ಮನೆ, ನಡುಕೇರಿಯಲ್ಲಿ ಇಪ್ಪತ್ತು, ಕಡಲ ಬದಿಯ ನಮ್ಮ ಪಡುಕೇರಿಯಲ್ಲಿ ಎಂಬತ್ತರ ಮೇಲೆ. ಕೇರಿಗೊಬ್ಬ ಮುಖ್ಯಸ್ಥ, ಮುಖ್ಯಸ್ಥನಿಗೆ ಒಂದು ಮಾತು. ಎರಡು ಮಾತು ಕೂಡಿದ ಕಡೆಗೆ ತೀರ್ಮಾನ.

ಸಮಿತಿಯ ಜಾಗವಾದ ಆ ಅಂಗಳವನ್ನು ಕಡಲು ನೋಡಲು ಬರುವವರ ಕಾರು ನಿಲ್ಲಿಸಲು ಕೊಡಬೇಕು ಎಂದರು ಮೇಲ್ಕೇರಿಯ ಮುಖ್ಯಸ್ಥ ಹಿರಿಯಣ್ಣ. ಮುಂಬಯಿಯಲ್ಲಿ ಹೋಟೆಲು ನಡೆಸಿ ಬಂದವರು ಅವರು. ನಡುಕೇರಿಯ ಗೌರೀಶಣ್ಣ "ಅಕ್ಕ್" ಎಂದು ಒಪ್ಪಿದರು. ನಮ್ಮ ಕೇರಿಯ ದುಗ್ಗಪ್ಪಜ್ಜ "ಆತಿಲ್ಲ" ಎಂದು ವಿರೋಧಿಸಿದರು. ಅಲ್ಲಿಗೆ ಮುಗಿಯಿತು.

"ಎಂಬತ್ ಮನಿಗೂ ಒಂದ್ ಮಾತ್, ಒಂಬತ್ ಮನಿಗೂ ಒಂದ್ ಮಾತ್. ಇದ್ ಎಂತಾ ಲೆಕ್ಕ?" ಎಂದು ನನ್ನ ಅಮ್ಮ ಸುಂದರಿ ಎದ್ದು ಕೇಳಿದಳು.

ಹಿರಿಯಣ್ಣನ ತಮ್ಮನ ಮಗ ಮನೀಷ್ ನಕ್ಕ. "ಸುಂದರಕ್ಕ, ಅಮೆರಿಕದಗೇ ಹಾಂಗಿತ್. ಸಣ್ಣ ರಾಜ್ಯಕ್ಕೂ ಅಲ್ಲಿನ ಸೆನೆಟ್ ಸಭೆಗೆ ಇಬ್ರೇ, ದೊಡ್ಡ ರಾಜ್ಯಕ್ಕೂ ಇಬ್ರೇ. ಅಧ್ಯಕ್ಷರ ಚುನಾವಣೆಯಗೆ ಜಾಸ್ತಿ ವೋಟ್ ಬಿದ್ದವ್ರೇ ಸೋತದ್ದೂ ಇತ್."

"ಹೌದಾ ಮಗಾ? ಅಲ್ಲಿಯವ್ರೂ ಅಂಗಳದಗೆ ಬೂತಾಯಿ ಮೀನ್ ಒಣಗ್ಸ್ತ್ರಾ?"

ಚಪ್ಪರವೆಲ್ಲ ನಕ್ಕಿತು. ತೀರ್ಮಾನ ಮಾತ್ರ ಬದಲಾಗಲಿಲ್ಲ. ಹುಣ್ಣಿಮೆಯೊಳಗೆ ಖಾಲಿ ಮಾಡಬೇಕು ಎಂದರು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ನಾನು ಆ ಅಂಗಳದಲ್ಲೇ ಕಾಗೆ ಓಡಿಸುತ್ತಾ, ಮೀನು ಮಗುಚುತ್ತಾ ದೊಡ್ಡವಳಾದವಳು. ಒಣಮೀನು ಹೊತ್ತು ಅಮ್ಮ ಹೆಮ್ಮಾಡಿ, ತಲ್ಲೂರು ಎಂದು ಬಸ್ಸು ಹತ್ತುವುದರಲ್ಲೇ ನಮ್ಮ ಮನೆ ನಡೆಯುವುದು. ಕೇರಿಯ ಹೆಚ್ಚಿನ ಹೆಂಗಸರದ್ದೂ ಅದೇ ಬದುಕು. ಬೇರೆ ಎಲ್ಲಿ ಹರಡಿದರೂ ಯಾರದ್ದೋ ಬೇಲಿ, ಯಾರದ್ದೋ ಮೂಗು. ನಾಲ್ಕು ಜನರ ಎದುರು ನನಗೆ ಬಾಯಿ ಬರುವುದಿಲ್ಲ. ಕಣ್ಣಿಗೆ ಆ ತೊಂದರೆ ಇಲ್ಲ. ಮನೀಷ್ ಹೇಳಿದ ದೇಶದಲ್ಲೂ ಹೀಗೆ ಯಾರದ್ದೋ ಅಂಗಳ ಹೋಗಿರಬೇಕು, ಅವರೂ ಕಂಬಕ್ಕೆ ಒರಗಿ ನೋಡಿರಬೇಕು ಅನ್ನಿಸಿತು.

ಮರುದಿನ ಕೈರಂಪಣಿ ಬಲೆ ಎಳೆಯುವಾಗ ನೋಡುತ್ತಾ ನಿಂತೆ. ದೋಣಿ ಬಲೆಯನ್ನು ಕಡಲಲ್ಲಿ ಸುತ್ತು ಬಿಟ್ಟು ಬರುತ್ತದೆ, ದಡದಲ್ಲಿ ಎರಡು ತುದಿಯ ಹಗ್ಗ ಹಿಡಿದು ಊರವರು ಎಳೆಯುತ್ತಾರೆ. ಹಗ್ಗ ಮುಟ್ಟಿದವರಿಗೆಲ್ಲ ಒಂದೊಂದು ಪಾಲು. ಯಾವ ಕೇರಿ ಎಂದು ಯಾರೂ ಕೇಳುವುದಿಲ್ಲ. ಬಲೆ ದಡ ತಾಗುವ ಹೊತ್ತಿಗೆ ಪಂಚೆ ಎತ್ತಿ ಕಟ್ಟಿ ಬಂದು ಹಗ್ಗಕ್ಕೆ ಕೈ ತಾಗಿಸುವ ಹಿರಿಯಣ್ಣನಿಗೂ ಒಂದು ಪಾಲು.

ಬಲೆಯ ಯಜಮಾನಿಕೆ ನಡೆಸಿ ಪಾಲು ಹಾಕುವ ತಂಡೇಲ ದುಗ್ಗಪ್ಪಜ್ಜನೇ. ಅವರು ಬಲೆಯ ಹರಕು ಹೊಲಿಯುವಾಗ ಹತ್ತಿರ ಹೋಗಿ ಕೂತೆ.

"ಅಜ್ಜಾ, ಮುಂದಿನ ಬಲೆ ಕೇರಿ ಲೆಕ್ಕದಗೆ ಪಾಲ್ ಹಾಕಿ. ಮೂರೇ ರಾಶಿ."

ಅಜ್ಜನ ಸೂಜಿ ನಿಂತಿತು. "ಎಂತ ಹೆಣ್ಣೇ, ತಲಿ ಸಮ ಇತ್ತಾ? ನಮ್ಮವ್ರ್ ನನ್ನನ್ನೇ ಬಲೆಗೆ ಹಾಕಿ ಎಳಿತ್ರ್!"

"ನಮ್ಮವ್ರಿಗೆ ನಾ ಹೇಳ್ತೆ."

ಹೇಗೆ ಹೇಳಿದೆನೋ ನನಗೇ ಗೊತ್ತಿಲ್ಲ. ಸಭೆಯಲ್ಲಿ ಮಾತು ಬಾರದವಳು ಮನೆಮನೆಯ ಬಚ್ಚಲು, ಒಲೆಯ ಬುಡಕ್ಕೆ ಹೋಗಿ ಹೇಳಿದೆ. ಕೆಲವರು ಬೈದರು. "ಒಂದ್ ದಿನದ ಮೀನ್ ಹೋಯ್ಲಿ, ಅಂಗಳ ಹೋಪುಕಾಗ" ಎಂದು ಅಮ್ಮ ಗಟ್ಟಿಯಾಗಿ ಹೇಳಿದ ಮೇಲೆ ಒಪ್ಪಿದರು.

ಗುರುವಾರ ಬಲೆ ತುಂಬಿ ಬಂತು. ಹಗ್ಗದಲ್ಲಿ ಪಡುಕೇರಿಯವರೇ ಸಾಲುಸಾಲು. ನಡುಕೇರಿಯಿಂದ ಗೌರೀಶಣ್ಣನ ಹೆಂಡತಿ ಸುಗುಣಕ್ಕ ಮತ್ತು ಅವರ ಜತೆಯ ಹೆಂಗಸರು. ಮೇಲ್ಕೇರಿಯಿಂದ ಹಿರಿಯಣ್ಣ, ಮನೀಷ್, ಇನ್ನಿಬ್ಬರು. ದುಗ್ಗಪ್ಪಜ್ಜ ಮರಳ ಮೇಲೆ ಮೂರು ಸಮ ರಾಶಿ ಹಾಕಿ ಕೈ ಒರೆಸಿಕೊಂಡರು.

"ಕೇರಿಗೊಂದ್. ಸಮಿತಿ ಲೆಕ್ಕ."

ಮೇಲ್ಕೇರಿಯ ನಾಲ್ಕೇ ಜನರೆದುರು ಮೊಣಕಾಲೆತ್ತರದ ಬೂತಾಯಿ. ಹಿರಿಯಣ್ಣ ನಾಚಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ನನ್ನ ಲೆಕ್ಕ ತಪ್ಪಿತು.

"ಭಾರೀ ಲಾಯ್ಕ್ ಆಯ್ತ್!" ಎಂದರು ಅವರು. "ಮನೀಷಾ, ರಿಕ್ಷಾಕ್ಕೆ ಫೋನ್ ಮಾಡ್."

ನಮ್ಮ ಹೆಂಗಸರ ಕಣ್ಣೆಲ್ಲ ನನ್ನ ಕಡೆ ತಿರುಗಿತು. ಅಷ್ಟರಲ್ಲಿ ಸುಗುಣಕ್ಕ ತನ್ನ ಕೇರಿಯ ರಾಶಿಯಿಂದ ಬುಟ್ಟಿ ತುಂಬಿ ತಂದು ನಮ್ಮ ರಾಶಿಗೆ ಸುರಿದರು.

"ಇದೆಂತ ಮಾಡ್ತೆ?" ಗೌರೀಶಣ್ಣ ಕೇಳಿದರು.

"ನಂಗೆ ನನ್ ಕೈಯ್ ಪಾಲ್ ಸಾಕ್. ಹೌದ್, ಅವತ್ತ್ ಚಪ್ಪರದಗೆ ನಮ್ ಕೇರಿ ಮಾತ್ ಅಂದ್ಹೇಳಿ ಅಕ್ಕ್ ಅಂದ್ರಿ ಅಲ್ದಾ? ನನ್ ಕೇಂಡಿದ್ರ್ಯಾ? ಇವ್ರನ್ ಯಾರನ್ನಾರೂ ಕೇಂಡಿದ್ರ್ಯಾ? ನಾವೂ ಅದೇ ಅಂಗಳದಗೆ ಮೀನ್ ಹಾಕುದಲ್ದಾ?"

"ಮನೀಗ್ ಹೋಯಿ ಮಾತಾಡ್ವ, ಮಾರಾಯ್ತಿ."

"ಮನಿಯಗೆ ಎಂತಕ್ಕೆ? ಇಲ್ಲೇ ಹೇಳಿ."

ನಡುಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬುಟ್ಟಿ ತಂದು ಸುರಿದರು. ಗೌರೀಶಣ್ಣ ಕಡಲು ನೋಡಿದರು, ಹೆಂಡತಿಯನ್ನು ನೋಡಿದರು. ಕೊನೆಗೆ, "ಅಂಗಳ ಕೊಡುಕೆ ನಡುಕೇರಿದ್ ಆತಿಲ್ಲ" ಎಂದರು.

ಎರಡು ಮಾತು ಕೂಡಿತು. ಹಿರಿಯಣ್ಣನ ಮುಖ ಅರೆಕ್ಷಣ ಬಿಗಿಯಿತು. ರಾಶಿಯನ್ನು ಮಾತ್ರ ಬಿಡದೆ ರಿಕ್ಷಾಕ್ಕೆ ತುಂಬಿಸಿಕೊಂಡೇ ಹೋದರು.

ಅಂಗಳ ಉಳಿಯಿತು. ಅಮ್ಮ ನನ್ನ ತಲೆ ತಟ್ಟಿದಳು, ಅವಳ ಕೈಯ ಮೀನಿನ ವಾಸನೆ ಕೂದಲಿಗೂ ಹತ್ತಿತು. ಎಲ್ಲರೂ ಗೌರೀಶಣ್ಣನಿಗೆ ಉಪಕಾರ ಹೇಳುತ್ತಿದ್ದರು. ನನಗೆ ಅದೇ ಚುಚ್ಚಿತು. ನಾಳೆ ಗಂಡ ಹೆಂಡತಿ ಜಗಳವಾಡಿದರೆ ನಮ್ಮ ಅಂಗಳ ಮತ್ತೆ ಹೋಗಬಹುದು. ಎಂಬತ್ತು ಮನೆಯ ಬದುಕು ಒಬ್ಬರ ಮನಸ್ಸಿನ ಮೇಲೆ ನಿಂತಿತ್ತು.

ಮುಂದಿನ ಭಾನುವಾರ ಚಪ್ಪರದಡಿ ನಾನು ಕಂಬ ಬಿಟ್ಟು ಮುಂದೆ ಬಂದೆ. ಎಲ್ಲರಿಗೂ ಕೇಳುವಂತೆ ಹೇಳಿದೆ.

"ಸಮಿತಿಗೂ ರಂಪಣಿ ಲೆಕ್ಕ ಬೇಕ್. ಕೈಗೊಂದ್ ಮಾತ್. ಹೆಂಗಸ್ರ್ ಕೈಗೂ."

"ಅದ್ ಹಳೇ ನಿಯಮ ಹೆಣ್ಣೇ. ಬದ್ಲ್ ಮಾಡುಕೂ ಎರಡ್ ಕೇರಿ ಒಪ್ಪಿಗೆ ಬೇಕ್" ಎಂದರು ಹಿರಿಯಣ್ಣ, ನಗುತ್ತಲೇ.

ಗೌರೀಶಣ್ಣ ತಲೆ ತಗ್ಗಿಸಿ ಕೂತಿದ್ದರು. ಹೊಸ ಲೆಕ್ಕ ಬಂದರೆ ಮುಖ್ಯಸ್ಥನೆಂದು ಅವರಿಗಿರುವ ಮಾತೂ ಹೋಗುತ್ತದಲ್ಲ. ದುಗ್ಗಪ್ಪಜ್ಜನ ಒಂದೇ ಮಾತಿಗೆ ನಿಯಮ ಬದಲಾಗಲಿಲ್ಲ.

"ಅಡ್ಡಿಲ್ಲ," ಎಂದೆ. "ಬಪ್ಪು ವಾರವೂ ಇದನ್ನೇ ಕೇಂತೆ. ಅದ್ರ್ ಮುಂದಿನ್ ವಾರವೂ."

ಕಂಬದ ಹತ್ತಿರ ಹೋಗದೆ ಅಲ್ಲೇ ಮುಂದಿನ ಸಾಲಿನಲ್ಲಿ ಕೂತೆ. ಸುಗುಣಕ್ಕ ಎದ್ದು ಬಂದು ನನ್ನ ಪಕ್ಕ ಜಾಗ ಮಾಡಿಕೊಂಡರು.